ಅರ್ಧ ಕೇಜಿ ಕುದುರೆ

ಪೀಣ್ಯ ಎರಡನೇ ಹಂತ,
ಪೌಡರ್ ಕೋಟಿಂಗಿನವನ ಹಿಂದಿನ ಶೆಡ್ಡು ನಂದು.
ಎಸ್ತರ್ ಬಂದದ್ದು ಒಂದು ಶನಿವಾರ, ಕರೆಂಟಿಲ್ಲದ ಹೊತ್ತು.
ಪೆಟ್ಟಿಗೆ ತೆರೆದಳು. ನಾನು ಬಾಗಿಲ ಕಡೆ ನೋಡಿದೆ.
"ಗಾಳಿಯದು ಅಂಕಲ್, ಮದ್ದಿನದಲ್ಲ.
ಹತ್ತು ಮೀಟರಿನ ಆಟ."

ಕುದುರೆ ಅನ್ನುತ್ತೇವಲ್ಲ, ಬೆರಳು ಎಳೆಯುವ ಆ ಕೊಕ್ಕೆಗೆ,
ಅದು ಜರ್ಮನಿಯ ಯಾವನೋ ಗಂಡಸಿನ ಅಳತೆಯದು.
ಇವಳದು ಲಿಂಗರಾಜಪುರದ ಬೆರಳು,
ಬ್ಲೌಸಿಗೆ ಹೆಮ್ಮಿಂಗ್ ಹಾಕಿ ಕ್ಲಬ್ಬಿನ ಫೀಸು ಕಟ್ಟಿದ್ದು.
ಕುದುರೆಯನ್ನು ಮುಟ್ಟುವಷ್ಟರಲ್ಲಿ ಮಣಿಕಟ್ಟು ತಿರುಚುತ್ತದೆ,
ಗುಂಡು ಎಡಕ್ಕೆ, ಎಂಟಕ್ಕೆ, ಕೆಲವೊಮ್ಮೆ ಏಳಕ್ಕೆ.

"ಏನು ಬೇಕು, ಮಿಲಿಮೀಟರಿನಲ್ಲಿ ಹೇಳು" ಅಂದೆ.
ಅವಳಿಗೆ ಆ ಭಾಷೆ ಬರುವುದಿಲ್ಲ.
"ಮೊದಲು ಸುಮ್ಮನೆ ಬರಬೇಕು, ಚಿಲಕ ಸಡಿಲ ಇದ್ದ ಹಾಗೆ.
ಆಮೇಲೆ ಒಂದು ಗೋಡೆ.
ಅದಕ್ಕೆ ಒರಗಿ ನಿಂತಿರಬೇಕು ನಾನು.
ಆಮೇಲೆ ಗೋಡೆ ಇರಬಾರದು."
"ಹೇಗೆ ಇರಬಾರದು?"
ಯೋಚಿಸಿದಳು. "ಕೋಡುಬಳೆ ಮುರಿದ ಹಾಗೆ.
ಈಗಿನದು ಮೆತ್ತಗಾದ ಚಕ್ಕುಲಿ,
ಎಳೆಯುತ್ತೆ, ಎಳೆಯುತ್ತೆ, ಎಳೀತಾನೇ ಇರುತ್ತೆ."

ಅದೇ ಡ್ರಾಯಿಂಗು. ಬೇರೆ ಕಾಗದ ಕೇಳಲಿಲ್ಲ.

ನನ್ನ ತೋರುಬೆರಳಿಗೆ ತುದಿಯಿಲ್ಲ.
ತೊಂಬತ್ತೊಂದರಲ್ಲಿ ರಾಜಾಜಿನಗರದ ಪವರ್ ಪ್ರೆಸ್ಸು
ಸಾವಿರ ವಾಷರಿನ ಜೊತೆ ಅದನ್ನೂ ಎಣಿಸಿಕೊಂಡಿತು.
ಹೇಳಲಿಲ್ಲ ಅವಳಿಗೆ. ಕಂಡಿರಬೇಕು,
ಟೀ ಲೋಟವನ್ನು ನನ್ನ ಎಡಗೈಗೆ ಕೊಟ್ಟಳು.

ಮೊದಲನೆಯದು ಅಲ್ಯೂಮಿನಿಯಂ, ಬಾಗಿತು.
ಎರಡನೆಯದು ಚೆಂದ ಇತ್ತು, ಅಷ್ಟೇ.
ಮೂರನೆಯದಕ್ಕೆ ವೈರ್‌ಕಟ್ಟಿನ ಮುನಿವೆಂಕಟಪ್ಪ
"ಇದಕ್ಕೆ ಬಿಲ್ಲು ಹೇಗೆ ಹಾಕಲಿ, ಮೂಗುಬೊಟ್ಟಿನ ಲೆಕ್ಕವಾ?" ಅಂದ.
ಉಕ್ಕಿಗೆ ಉಕ್ಕು ಕಚ್ಚಿಕೊಳ್ಳುವ ಒಂದು ಅಂಚಿದೆ,
ಎಲ್ಲ ಜಗಳವೂ ಅಲ್ಲೇ.
ಗಾಜಿನ ಮೇಲೆ ಉಜ್ಜಿದೆ, ವಾರಗಟ್ಟಲೆ,
ಅದರಲ್ಲಿ ನನ್ನ ಮೀಸೆ ಕಾಣುವ ತನಕ.

ಕುದುರೆ ಅರ್ಧ ಕೇಜಿ ಹೊರಬೇಕಂತೆ, ಆಟದ ನಿಯಮ.
ಹೊರದೆ ಬಿಟ್ಟುಬಿಟ್ಟರೆ ಮನೆಗೆ ನಡೆ.
ತೂಕದ ಬಟ್ಟು ತರುವವರೆಗೆ
ಅರ್ಧ ಲೀಟರ್ ನಂದಿನಿ ಹಾಲನ್ನು
ಹೂವಿನ ದಾರದಲ್ಲಿ ಕಟ್ಟಿ ತೂಗುಹಾಕಿದೆ.
ಹೊತ್ತುಕೊಂಡಿತು.
ಹೊರಗೆ ಕಬ್ಬಿಣದ ಲಾರಿ ಹೋಯಿತು, ನೆಲ ನಡುಗಿತು,
ಟಿಕ್ ಅಂತ ಬಿಟ್ಟಿತು.

ಜಾಣತನ ಹೆಚ್ಚಾಗಿತ್ತು ನಂದು.
ಅಷ್ಟು ನುಣುಪಿನ ಕುದುರೆ ಸವಾರನನ್ನು ಕೇಳುವುದಿಲ್ಲ,
ಲಾರಿಯನ್ನು ಕೇಳುತ್ತದೆ.
ಅರ್ಧ ಕೂದಲಿನಷ್ಟು ಹೆಚ್ಚು ಕಚ್ಚಿಸಿ ಮತ್ತೆ ಕಟ್ಟಿದೆ,
ಬೆಳಗಿಂದ ಸಂಜೆ ತನಕ ತೂಗಲಿ ಎಂದು ಬಿಟ್ಟೆ.

ಅವಳು ಬಂದಳು. ಗೋಡೆಯ ಕ್ಯಾಲೆಂಡರಿನ
ಒಂದು ಭಾನುವಾರಕ್ಕೆ ಗುರಿ ಹಿಡಿದಳು, ಖಾಲಿ ಪಿಸ್ತೂಲಿನಲ್ಲಿ.
ಟಿಕ್.
ಏನೂ ಹೇಳಲಿಲ್ಲ. ಮತ್ತೆ. ಇನ್ನೊಮ್ಮೆ.
ಒಂದು ಮೂವತ್ತು ಸಲ ಆದ ಮೇಲೆ:
"ಯಾವಾಗ ಹೋಯ್ತೋ ಗೊತ್ತಾಗಲಿಲ್ಲ."

ನನಗೂ ಕೊಟ್ಟಳು.
ಮೊಂಡು ಬೆರಳಿಟ್ಟೆ. ಸಡಿಲ ಬಂತು, ಗೋಡೆ ಬಂತು,
ಆಮೇಲೆ, ಬೆರಳು ಮುಗಿದ ಆಚೆ, ಎಲ್ಲೋ,
ಕೋಡುಬಳೆ.

ಸಂಜೆ ಕಾಯಿಸಲಿಟ್ಟರೆ ಹಾಲು ಒಡೆಯಿತು.
ದಿನವಿಡೀ ತೂಗಾಡಿದ್ದಕ್ಕೆ ಅಷ್ಟು ಹಕ್ಕಿದೆ ಅದಕ್ಕೆ.
ಬರೀ ಡಿಕಾಕ್ಷನ್ ಕುಡಿದೆವು.

ಕೂಟದಲ್ಲಿ ಆರನೆಯವಳಾದಳು.
ಫೋನಿನಲ್ಲಿ ದನಿ ಅಳುವಂತಿರಲಿಲ್ಲ:
"ಕೊನೇದು ಏಳಕ್ಕೆ ಹೋಯ್ತು ಅಂಕಲ್.
ಎಳೆಯುವಾಗಲೇ ಗೊತ್ತಾಯ್ತು.
ಅದು ಕುದುರೆಯದಲ್ಲ,
ಆ ಏಳು ನಂದೇ."