ಗುರುವಾರದ ಮ್ಯಾಟಿನಿ

ಗುರುವಾರವೇ ಹೋಗುವುದು ನಾವು, ಜರೀನಾ ಮತ್ತು ನಾನು.
ಶುಕ್ರವಾರ ಚಿತ್ರ ಬದಲಾಗುತ್ತದೆ,
ಹಾಗಾಗಿ ಹಿಂದಿನ ಮಧ್ಯಾಹ್ನ ಕುರ್ಚಿಗಳೆಲ್ಲ ನಮ್ಮವೇ,
ಮುಂದಿನ ಸಾಲಿನ ಮೇಲೆ ಕಾಲು ಚಾಚಿದರೂ ಕೇಳುವವರಿಲ್ಲ.
ಅವಳ ತೋಳಿಗೆ ಮಂಡಕ್ಕಿ ಭಟ್ಟಿಯ ಹೊಗೆ ವಾಸನೆ,
ನನ್ನ ಸೆರಗಿಗೆ ಯಾರದೋ ಸೀರೆಯ ದಾರದ ಚೂರು.
ರೈಲ್ವೆ ಗೇಟು ಬಿದ್ದಿದ್ದರೆ ಹೆಸರು ತೋರಿಸುವ ಹೊತ್ತು ತಪ್ಪುತ್ತದೆ,
ಯಾರು ಯಾರಿಗೇನಾಗಬೇಕೆಂದು ತಿಳಿಯದೆ
ಕತ್ತಲಲ್ಲಿ ತಡವರಿಸುತ್ತ ಕಥೆಯೊಳಗೆ ನುಗ್ಗುತ್ತೇವೆ.

ದೆವ್ವದ ಚಿತ್ರಕ್ಕೆ ನಾನು ಹೆದರುವುದಿಲ್ಲ.
ಬಿಳಿ ಸೀರೆ ಕಂಡೊಡನೆ ನೆನಪಾಗುವುದು
ಅದಕ್ಕೆ ಹೊಂದುವ ಫಾಲ್ ಹುಡುಕುವ ತಲೆನೋವು.
ಬಿಳಿಯಲ್ಲಿ ಹನ್ನೊಂದು ಬಿಳಿ ಇವೆ, ಗೊತ್ತಾ?
ಜರೀನಾ ನನ್ನ ಮುಂಗೈಗೆ ಉಗುರು ಊರುತ್ತಾಳೆ.
ಬಾವಿಯಿಂದ ಎದ್ದವಳು ಬಾಯಿ ತೆರೆದು
ಕಿರುಚುತ್ತಾಳೆ, ಕಿರುಚುತ್ತಲೇ ಇರುತ್ತಾಳೆ,
ನನಗೋ ಮೈಯೆಲ್ಲ ಹಗುರ.
ಬದುಕಿದ್ದಾಗ ಎದುರು ಮಾತಾಡಿದವಳಲ್ಲ ಪಾಪ,
ಫ್ಲ್ಯಾಶ್‌ಬ್ಯಾಕಿನಲ್ಲಿ ನೋಡಿದೆವಲ್ಲ.
ಕಿರುಚು ತಾಯಿ, ಅನ್ನುತ್ತೇನೆ ಒಳಗೇ,
ಇನ್ನೂ ಒಂದೂಕಾಲು ಗಂಟೆ ಇದೆ.
ಮಂತ್ರವಾದಿ ಬಂದು ಅವಳನ್ನು ಸೀಸೆಗೆ ತುಂಬಿ
ಬಿರಡೆ ಜಡಿದಾಗ ನಾಲ್ಕು ಜನರ ಚಪ್ಪಾಳೆ.
ನನಗೆ ಗಂಟಲು ಒಣಗಿತು.

ಹೊಡೆದಾಟ ಶುರುವಾದರೆ ನಿದ್ದೆ.
ಗಾಜು ಒಡೆಯಲಿ, ಜೀಪು ಹಾರಲಿ, ನಿದ್ದೆ.
ಕಾಟನ್ ಮಿಲ್ಲಿನ ಗೋಡೆಗೆ ಆತ ಮನೆ ನಮ್ಮದು,
ಮೂರೂ ಪಾಳಿಯ ಗದ್ದಲವೇ ನನ್ನ ಜೋಗುಳ.
ಮಿಲ್ಲು ನಿಂತ ರಾತ್ರಿ ಇಡೀ ಓಣಿ
ಏನೋ ಕಳಚಿ ಬಿದ್ದಂತೆ ಎದ್ದು ಕೂತಿತ್ತು.
ಈಗಲೂ ಹಾಗೇ: ಕೊನೆಯ ವೈರಿ ಸತ್ತು
ಪರದೆ ಸುಮ್ಮನಾದಾಗಲೇ ನನಗೆ ಎಚ್ಚರ.

ಕಾಮಿಡಿಯದು ಹೇಳಿದರೆ ನೀವೂ ನಗುತ್ತೀರಿ.
ಮದುವೆ ಊಟದ ಪಂಕ್ತಿ. ಸಾರಿನ ಬಕೇಟು ಹಿಡಿದ ಡೊಳ್ಳು ಹೊಟ್ಟೆಯವ
ಬಾಳೆಹಣ್ಣಿನ ಸಿಪ್ಪೆ ತುಳಿದು ಧೊಪ್ಪೆಂದ.
ಬಿಸಿ ಸಾರು, ಬೀಗರ ಜರತಾರಿ, ಹೋ ಎಂಬ ನಗು.
ಮಿಲ್ಲು ಮುಚ್ಚಿದ ಮೇಲೆ ಅಪ್ಪ ಬಡಿಸಲು ಹೋಗುತ್ತಿದ್ದ.
ಮೊಣಕಾಲಿಂದ ಹಿಮ್ಮಡಿವರೆಗೆ ಹಾಲು ಕೆನೆಯಂಥ ಕಲೆ.
ಅವನೂ ಅದನ್ನು ನಗಿಸುತ್ತಲೇ ಹೇಳುತ್ತಿದ್ದ,
ನಕ್ಕವರ ಲೆಕ್ಕ ಪ್ರತಿ ಸಲ ಹೆಚ್ಚಿಸುತ್ತ:
ಐವತ್ತು, ಇನ್ನೂರು, ಇಡೀ ಛತ್ರ.
ನಾವು ಮಕ್ಕಳು ಹೊಟ್ಟೆ ಹಿಡಿದುಕೊಂಡು ಉರುಳಾಡುತ್ತಿದ್ದೆವು.
“ಏನೇ ಹಾಲಮ್ಮ, ಇದಕ್ಕೆಲ್ಲ ಅಳ್ತಾರಾ?” ಅಂದಳು ಜರೀನಾ.
ಶೀತ ಕಣೇ, ಎಂದೆ. ಏಪ್ರಿಲ್ ತಿಂಗಳು.

ಪ್ರೇಮದ್ದೂ ಒಂದು ನೋಡಿದೆವು.
ಹಿಮದಲ್ಲಿ ಅವನಿಗೆ ಉಣ್ಣೆ ಕೋಟು, ಅವಳಿಗೆ ಶಿಫಾನು,
ಪಿಕೋ ಕಾಣದ ಅಂಚು. ನನ್ನ ಕಣ್ಣಿಗೆ ಅಷ್ಟೇ ಬಿದ್ದದ್ದು.
ಜರೀನಾ ಮಾತ್ರ ಗೇಟು ದಾಟುವವರೆಗೂ ಉಸಿರೆತ್ತಲಿಲ್ಲ,
ಗೂಡ್ಸ್ ಗಾಡಿಯ ಡಬ್ಬಿಗಳನ್ನು ಒಂದೊಂದಾಗಿ ಎಣಿಸಿದಳು.
ನಾನು ಕೇಳಲಿಲ್ಲ.

ಈ ಗುರುವಾರದ್ದು ದುಃಖದ ಚಿತ್ರ.
ಆಸ್ಪತ್ರೆಯ ಮಂಚ, ಸಾಯುತ್ತಿರುವ ಸೊಸೆ,
ಸುತ್ತ ನಿಂತು ಕ್ಷಮೆ ಕೇಳುವ ಹನ್ನೆರಡು ಮಂದಿ.
ಹಿಂದಿನ ಸಾಲಿನ ಗಂಡಸೊಬ್ಬ ಮೂಗು ಸೀಟಿದ.
ನನ್ನ ಕಣ್ಣು ಮಂಚದ ಕೆಳಗೆ,
ಜೋತುಬಿದ್ದ ಅವಳ ನೀಲಿ ಸೀರೆಯಲ್ಲಿ
ಗೇಣುದ್ದ ಫಾಲ್ ಬಿಚ್ಚಿಕೊಂಡಿತ್ತು.
ಮೊದಲ ರೀಲಿನಲ್ಲೇ ಬಿಚ್ಚಿತ್ತು, ಹೊಸಿಲು ದಾಟುವಾಗಲೇ,
ನಾನು ಆಗಿನಿಂದ ನೋಡುತ್ತಿದ್ದೇನೆ.
ಅಷ್ಟು ದೊಡ್ಡ ಮನೆ, ಅಷ್ಟು ಜನ,
ಎಡವೀಯೆ, ನಿಲ್ಲು, ಎಂದವರು ಒಬ್ಬರೂ ಇಲ್ಲ.
ಸೂಜಿ ನನ್ನ ರವಿಕೆಯಲ್ಲೇ ಚುಚ್ಚಿಕೊಂಡಿದೆ ಯಾವಾಗಲೂ.
ಎದ್ದು ಪರದೆಯ ತನಕ ನಡೆದು
ನಾಲ್ಕು ಹೊಲಿಗೆ ಹಾಕಿಬರಲೇ ಅನಿಸಿತು.

ಹೊರಗೆ ರಣ ಬಿಸಿಲು. ಗಂಜಿ ಬಕೇಟಿನ ಹುಡುಗ
ಆಗಲೇ ಸೊಸೆಯ ಮುಖದ ಮೇಲೆ
ನಾಳಿನ ಚಿತ್ರ ಮೆತ್ತುತ್ತಿದ್ದ.
“ಎಂಥದ್ದೇ?” ಕೇಳಿದಳು ಜರೀನಾ, ಕಣ್ಣಿಗೆ ಕೈ ಅಡ್ಡ ಹಿಡಿದು.
ಮತ್ತೆ ದೆವ್ವದ್ದು, ಎಂದೆ.
ಉಗುರು ಕತ್ತರಿಸಿಕೊಂಡು ಬಾ.