ಹನ್ನೊಂದನೆಯದು

ಆ ಚಳಿಗಾಲ ಟಿಬಿಲಿಸಿಯಲ್ಲಿ ಕರೆಂಟು
ಮುನಿದ ನೆಂಟನ ಹಾಗೆ:
ರಾತ್ರಿ ಹನ್ನೊಂದಕ್ಕೆ ಬಂದು, ಬೂಟೂ ಬಿಚ್ಚದೆ ಕೂತು,
ಐದಕ್ಕೆ ಎದ್ದು ಹೋಗುತ್ತಿತ್ತು.
ಅಷ್ಟರೊಳಗೆ ನಮ್ಮ ಹಿಮ ಬೆಟ್ಟ ಇಳಿಯಬೇಕು.

ಹದಿನಾರು ಡಬ್ಬಗಳು.
ಏಳು, ಬಾಗಿಲು ಹಾಕಿದ ಬ್ಯಾಂಕಿನವು.
ನಾಲ್ಕು, ಸುಂಕದವರ ಗೋದಾಮಿನಿಂದ, ತೂಕಕ್ಕೆ ಕೊಂಡದ್ದು.
ಒಂದನ್ನು ನುಗ್ಜಾರ್ ತನ್ನ ಷಡ್ಡಕನಿಂದ
ಎರಡು ಕ್ಯಾನು ವೈನಿಗೆ ಬಿಡಿಸಿಕೊಂಡು ಬಂದ.
ಉಳಿದವು ಎಲ್ಲಿಯವು?
ನಾನು ಕೇಳಲಿಲ್ಲ, ಅವನು ಹೇಳಲಿಲ್ಲ.

ಯೆರೆವಾನಿನಿಂದ ಬಸ್ಸಿನಲ್ಲಿ, ಬ್ರೆಡ್ಡಿನ ಜೊತೆ ಸುತ್ತಿ ಬಂದ
ಒಂದೇ ಒಂದು ಸೀಡಿ. ಮೇಲೆ ಪೆನ್ನಿನಲ್ಲಿ: ಲಿನಕ್ಸ್.
ಹದಿನಾರಕ್ಕೂ ಅದನ್ನೇ ಹಾಕಿದೆ.
ಎಷ್ಟನೆಯದೆಂದು ಅದು ಎಣಿಸಲಿಲ್ಲ,
ನೀನು ಯಾರ ಪೈಕಿ ಎಂದು ಕೇಳಲಿಲ್ಲ.
ಠಸ್ಸೆ ಇಲ್ಲದೆ ಹಾಲೂ ಸಿಗದ ಕಾಲದಲ್ಲಿ ಬೆಳೆದವನು ನಾನು,
ಆ ರಾತ್ರಿ ಏನೋ ಕದ್ದವನ ಹಾಗೆ ಮನೆಗೆ ಹೋದೆ.

ಕಲ್ಬಾತೊನೊ ತ್ಸಿಯಾಲಾ, ನಮ್ಮ ಹಿರಿಯರು,
ಮಾಸ್ಕೋದ ದೊಡ್ಡ ಯಂತ್ರದ ಸರತಿಯಲ್ಲಿ
ಹನ್ನೆರಡು ವರ್ಷ ಕಾದವರು.
ಸ್ವಾನೇತಿಯ ಒಂದು ಇಳಿಜಾರನ್ನು ಕಾಗದದ ಮೇಲೆ ಹರಡಿ
ತಲೆಹೊರೆಯನ್ನು ಹದಿನಾರು ಹುಲ್ಲುಕಡ್ಡಿಯಾಗಿ ಸೀಳಿದರು.
ಡಬ್ಬಕ್ಕೊಂದು ಪಟ್ಟಿ.
ಪ್ರತಿ ಹೆಜ್ಜೆಗೂ ಬೇಲಿಯಾಚೆ ಒಂದು ಮಾತು:
ನಿನ್ನ ಕಡೆಯಿಂದ ನನ್ನ ಕಡೆಗೆ ಎಷ್ಟು ಹಿಮ ಜಾರಿತು?
ಉತ್ತರ ಬಂದರೆ ಮುಂದಿನ ಹೆಜ್ಜೆ.
ಬಾರದಿದ್ದರೆ, ಕಾಯುವುದು.
ಎಲ್ಲರೂ.

ಡಿಸೆಂಬರಿನಲ್ಲಿ ಹನ್ನೊಂದನೆಯದು ಮಾತು ಬಿಟ್ಟಿತು.
ಸರಿಯಾಗಿ ಎರಡು ಗಂಟೆಗೆ, ವಾರಕ್ಕೆ ಐದು ರಾತ್ರಿ.
ಬೆಟ್ಟದ ಅರ್ಧದಲ್ಲಿ ಹಿಮ ಕಾಲೆತ್ತಿ ನಿಂತುಬಿಡುತ್ತಿತ್ತು.
ತಂತಿ ಬದಲಿಸಿದೆ. ಕಾರ್ಡು ಬದಲಿಸಿದೆ.
ಕರ್ನಲ್ ಮೂರು ಸಲ ಹೊಸದಾಗಿ ಕಟ್ಟಿದೆ.
ನುಗ್ಜಾರ್ ಅದರ ನೆತ್ತಿಯ ಮೇಲೆ ಶಿಲುಬೆ ಬರೆದ,
ಆಮೇಲೆ ಒದ್ದ.
ಶನಿವಾರ ಭಾನುವಾರ ಮಾತ್ರ ಅದು ಸಾಧು.

ಕೊನೆಗೊಂದು ರಾತ್ರಿ ಕೋಟು ಹೊದ್ದು
ಮೇಜಿನ ಕೆಳಗೆ ಮಲಗಿದೆ.
ಹದಿನಾರು ಫ್ಯಾನುಗಳ ಉಸಿರು. ಇಡೀ ಕಟ್ಟಡದಲ್ಲಿ
ಬೆಚ್ಚಗಿದ್ದದ್ದು ಆ ಕೋಣೆಯೊಂದೇ.

ಎರಡಕ್ಕೆ ಬಾಗಿಲು ಕಿರುಗುಟ್ಟಿತು. ಬಕೆಟ್ಟು, ಒರೆಸುವ ಕೋಲು,
ಝುಝುನಾ.
ಒದ್ದೆ ಕೈಗವಸು ತೆಗೆದು ಹನ್ನೆರಡರ ಬೆನ್ನಿಗೆ ಹಾಕಿದಳು,
ಹನ್ನೊಂದರ ಪ್ಲಗ್ಗು ಕಿತ್ತಳು,
ನೀರು ಕಾಯಿಸುವ ಸುರುಳಿಯನ್ನು ಅಲ್ಲಿ ಚುಚ್ಚಿ
ಉಪ್ಪಿನಕಾಯಿಯ ಹಳೇ ಜಾಡಿಯಲ್ಲಿ ಇಳಿಬಿಟ್ಟಳು.

ನಾನು ಮೇಜಿನಡಿಯಿಂದ ಎದ್ದಾಗ ಅವಳು ಚೀರಲಿಲ್ಲ.
"ಇದು ಸುಮ್ಮನೆ ಉರೀತಿತ್ತಲ್ಲ," ಅಂದಳು,
"ಪರದೆ ಇಲ್ಲ, ಎದುರಿಗೊಬ್ಬ ಮನುಷ್ಯ ಇಲ್ಲ.
ಕೆಲಸದಲ್ಲಿದೆ ಅಂತ ಯಾರಿಗೆ ಗೊತ್ತಾಗಬೇಕು?"
ಅವಳ ಕೈ ನೋಡಿದೆ. ಸೋಡಾ ತಿಂದ ಬೆರಳು.
ಏಳು ಮಹಡಿ ಒರೆಸಿ ಬಂದಿದ್ದಳು.
ಹಗಲಿನ ನಾವು ಯಾರೂ ಅವಳನ್ನು ನೋಡಿರಲಿಲ್ಲ.

ದೂರು ಹೇಳಿದೆ, ನಾಚಿಕೊಂಡೇ.
ಕಲ್ಬಾತೊನೊ ತ್ಸಿಯಾಲಾ ಕನ್ನಡಕ ಒರೆಸುತ್ತ ಕೂತರು.
"ಇವತ್ತು ಚಹಾ. ನಾಳೆ ಇಲಿ, ನಾಡಿದ್ದು ಸಿಡಿಲು.
ಒಬ್ಬರು ಸುಮ್ಮನಾದರೆ ಎಲ್ಲರೂ ಕಲ್ಲಾಗುವ ಲೆಕ್ಕ
ನಾನು ಹಾಕಿದ ಲೆಕ್ಕ. ತಪ್ಪು ನನ್ನದು.
ತಿದ್ದು."

ಮೂರು ವಾರ ತಿದ್ದಿದೆ.
ಕಾಲು ಗಂಟೆಗೊಮ್ಮೆ ಪ್ರತಿ ಡಬ್ಬವೂ
ತಾನು ಎಲ್ಲಿಗೆ ಬಂದೆನೆಂದು ನೆರೆಯವರಲ್ಲಿ ಬರೆದಿಡಬೇಕು.
ಕರೆದರೂ ಓಗೊಡದಿದ್ದರೆ
ಅದರ ಪಾಲಿನ ಹಿಮ ಇಬ್ಬದಿಯವರ ಹೆಗಲಿಗೆ.

ಗೋಡೆಗೆ ಹೊಸ ಪ್ಲಗ್ಗು ಬರಲಿಲ್ಲ.
ಅರ್ಜಿ ಕೊಟ್ಟಿದ್ದೆವು. ಈಗಲೂ ಎಲ್ಲೋ ಇರಬೇಕು.

ಎರಡು ಗಂಟೆ. ಹನ್ನೊಂದರ ಹಸಿರು ಕಣ್ಣು ಆರುತ್ತದೆ.
ಹತ್ತು, ಹನ್ನೆರಡು ಒಂದು ಕ್ಷಣ ತಡವರಿಸಿ
ಮತ್ತೆ ಇಳಿಜಾರು ಹಿಡಿಯುತ್ತವೆ.
ಇರುವ ಒಂದೇ ಪರದೆಯ ಮೇಲೆ ಒಂದು ಸಾಲು ಮೂಡುತ್ತದೆ:
೧೧ ಉತ್ತರಿಸುತ್ತಿಲ್ಲ. ಮುಂದುವರಿದಿದೆ.

ಜಾಡಿಯಲ್ಲಿ ನೀರು ಗುಳುಗುಳು.
ಝುಝುನಾ ನನಗೂ ಒಂದು ಲೋಟ ಚಾಚುತ್ತಾಳೆ.
ಸಕ್ಕರೆ ಇಲ್ಲವಂತೆ,
ಪ್ಲಮ್ಮಿನ ಜಾಮು ಕದಡಿದ್ದಾಳೆ.