ಹದಿನೇಳನೆಯ ತುಂಡು

ಯಾಮಿಯ ಹ್ಯಾಂಗರಿನಲ್ಲಿ
ರೆಕ್ಕೆ ಬಿಚ್ಚಿಸಿಕೊಂಡು ಮಲಗಿದೆ ಗ್ಲೈಡರು,
ತೌನೊನಿಗಿಂತ ಮೂರು ವರ್ಷ ಹಿರಿದು.
ಅದರ ಬೆಸುಗೆಗಳೆಲ್ಲ ಹಾಲಿನವು:
ಯುದ್ಧಕಾಲದ ಯಾವುದೋ ಹಸು, ಒಡೆದ ಹಾಲು, ಸುಣ್ಣ.
ಈಗ ಚಾಕು ತಾಕಿದರೆ ಪುಡಿ,
ಹಳಸಿದ ಮಜ್ಜಿಗೆಯ ವಾಸನೆ.

ಹೊಸ ಅಂಟು ಡಬ್ಬಿಯಲ್ಲೇ ಕಾದಿದೆ.
ಹೆಲ್ಸಿಂಕಿಯ ಪತ್ರ ಕೇಳುತ್ತದೆ:
ಮೂಲಕ್ಕೆ ಸಮವೆಂದು ತೋರಿಸಿ.
"ಯಾವ ಮೂಲ? ಹಸು ಸತ್ತು ಎಂಬತ್ತು ವರ್ಷ"
ಎನ್ನುತ್ತಾನೆ ತೌನೊ, ನನ್ನ ಕಡೆ ನೋಡದೆ.
ಪತ್ರಕ್ಕೆ ಸಹಿ ಹಾಕಿದವಳು ನಾನೇ.

ಸ್ಪ್ರೂಸ್ ಮರದ ಇಪ್ಪತ್ತು ಜೋಡಿತುಂಡು,
ಒಲೆಯ ಪಕ್ಕ ಎರಡು ರಾತ್ರಿ ಕಂಬಳಿ ಹೊದ್ದು ಒಣಗಿದವು;
ಹೊರಗೆ ಮೈನಸ್ ಇಪ್ಪತ್ತೆರಡು.
ಒಂದೊಂದನ್ನೇ ಯಂತ್ರದ ಬಾಯಿಗೆ ಕೊಟ್ಟು ಎಳೆದೆವು.
ಮರ ಸೀಳಿದರೆ ಪಾಸು,
ಅಂಟು ಬಿಟ್ಟರೆ ಫೇಲು. ಅಷ್ಟೇ ನಿಯಮ.

ಹತ್ತೊಂಬತ್ತು ಸೀಳಿದವು, ನಾರುನಾರಾಗಿ.
ಹದಿನೇಳನೆಯದು ಮಾತ್ರ
ಗಾಜಿನಷ್ಟು ನುಣ್ಣಗೆ
ಕೈ ಬಿಟ್ಟಿತು.

ತೌನೊ ಅದನ್ನು ದೀಪಕ್ಕೆ ಹಿಡಿದ.
ನಡುವೆ ಅವನದೇ ಹೆಬ್ಬೆಟ್ಟು, ಜಿಡ್ಡುಜಿಡ್ಡು.
"ಬೆಣ್ಣೆ" ಅಂದ, "ಬೆಳಗಿನ ರೊಟ್ಟಿಯದು.
ಆ ಹಸು ನಮ್ಮನ್ನು ಬಿಡುವ ಹಾಗೆ ಕಾಣೆ."

ನಗಬಹುದಿತ್ತು.
ಕೈ ತೊಳೆದು ಬಾ, ಮತ್ತಿಪ್ಪತ್ತು ಕತ್ತರಿಸು ಎಂದು
ಮೊಹರನ್ನು ಚೀಲದಲ್ಲಿಟ್ಟು
ಒಲೆಗೆ ಕಟ್ಟಿಗೆ ಹಾಕಿದೆ.